ಎಂಟು ಹನ್ನೆರಡರ ಲೋಕಲ್

ನಮ್ಮ ಮುಂಬೈ ಆಫೀಸಿನಲ್ಲಿ ಪ್ರತಿ ಏಪ್ರಿಲ್‌ಗೆ ಒಂದು ಹಾಳೆ ಕೊಡುತ್ತಾರೆ. ಮೇಲೆ ‘ಗೋಲ್ ಶೀಟ್’ ಅಂತ ಇರುತ್ತದೆ, ಕೆಳಗೆ ಐದು ಖಾಲಿ ಗೆರೆ. ಈ ವರ್ಷ ಏನೇನು ಸಾಧಿಸುತ್ತೀರಿ, ಬರೆಯಬೇಕು. ಹತ್ತೊಂಬತ್ತು ವರ್ಷದಿಂದ ನಾನು ಮೊದಲನೇ ಗೆರೆಯಲ್ಲಿ ಒಂದೇ ಮಾತು ಬರೆಯುತ್ತಾ ಬಂದಿದ್ದೆ: ‘ಸಮಯವನ್ನು ಚೆನ್ನಾಗಿ ಬಳಸಿಕೊಳ್ಳುವುದು.’ ಯಾರೂ ಏನೂ ಕೇಳಿರಲಿಲ್ಲ. ಹೊಸ ಸಾಹೇಬರು ಬಂದರು ನೋಡಿ, ಕೇಳಿದರು. ಚೆನ್ನಾಗಿ ಅಂದರೆ ಎಷ್ಟು? ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ?

ಸರಿ, ಬರೆದೆ. ಒಂಬತ್ತೂವರೆಯಿಂದ ಹನ್ನೊಂದು ಬಿಲ್ಲು. ಹನ್ನೊಂದರಿಂದ ಹನ್ನೆರಡು ಮೇಲ್. ಮೂರಕ್ಕೆ ಬ್ಯಾಂಕಿನ ಲೆಕ್ಕ. ಓದೋಕೆ ಮದುವೆ ಊಟದ ಪಟ್ಟಿಯ ಹಾಗೆ ಚೆಂದ ಇತ್ತು. ಬಡಿಸುವವರು ಮಾತ್ರ ಇರಲಿಲ್ಲ. ಒಂಬತ್ತೂವರೆಗೆ ಚಹಾ ಬರುತ್ತಿತ್ತು. ಕುಡಿದು ಮುಗಿಸುವಾಗ ಒಂಬತ್ತೂ ಐವತ್ತು. ಉಳಿದ ಹತ್ತು ನಿಮಿಷಕ್ಕೆ ಏನು ಶುರು ಮಾಡೋದು, ಹತ್ತಕ್ಕೇ ಶುರು ಮಾಡೋಣ ಅಂತ ಸುಮ್ನೆ ಮೊಬೈಲ್ ನೋಡಿದರೆ ಹತ್ತೂ ಐದು. ಹತ್ತೂ ಐದಕ್ಕೆ ಯಾರಾದರೂ ಕೆಲಸ ಶುರು ಮಾಡುತ್ತಾರಾ? ಹತ್ತೂವರೆ ಆಗಲಿ ಅಂತ ಕಾಯುತ್ತಿದ್ದೆ. ಕಾಯೋದರಲ್ಲಿ ನನ್ನಷ್ಟು ಏಕಾಗ್ರತೆ ಇನ್ಯಾರಿಗೂ ಇರಲಿಕ್ಕಿಲ್ಲ.

ಆಮೇಲೆ ಒಂದು ಶನಿವಾರ ತರಬೇತಿ ಇಟ್ಟರು. ಬಂದವರು ಟೊಮೇಟೊ ಕಥೆ ಹೇಳಿದರು. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿಗೆ ಓದಲು ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲವಂತೆ. ಅಡುಗೆಮನೆಯಿಂದ ಟೊಮೇಟೊ ಆಕಾರದ ಒಂದು ಟೈಮರ್ ತಂದು ಮುಂದಿಟ್ಟುಕೊಂಡ. 25 ನಿಮಿಷ ಕೆಲಸ, 5 ನಿಮಿಷ ಬಿಡುವು, ಮತ್ತೆ 25 ನಿಮಿಷ: ಹೀಗೊಂದು ಪದ್ಧತಿಯೇ ಆಯಿತು. ಇಟಲಿಯವರ ಬಾಯಲ್ಲಿ ಟೊಮೇಟೊ ಅಂದರೆ ಪೊಮೊದೊರೊ; ಪದ್ಧತಿಗೂ ಅದೇ ಹೆಸರು.

ನನಗೆ ಬಹಳ ಹಿಡಿಸಿತು. ಕ್ರಾಫರ್ಡ್ ಮಾರ್ಕೆಟ್ ಹತ್ತಿರ ಅಂಥದ್ದೇ ಒಂದು ಸಿಕ್ಕಿತು, ತಂದು ಟೇಬಲ್ ಮೇಲೆ ಇಟ್ಟೆ. ಟಿಕ್ ಟಿಕ್ ಅಂತ ತಿರುಗಿ, 25 ನಿಮಿಷಕ್ಕೆ ಸರಿಯಾಗಿ ಇಡೀ ಮಹಡಿಗೆ ಕೇಳುವ ಹಾಗೆ ಟರ್ರ್ ಅಂದಿತು. ಪಕ್ಕದ ಟೇಬಲ್ಲಿನವರು ತಲೆಯೆತ್ತಿ, “ಕಾಯ್ ಶಿಜ್ತಂಯ್, ಅಣ್ಣಾ?” ಅಂದರು. ಏನು ಬೇಯುತ್ತಾ ಇದೆ ಅಂತ. ಎರಡನೇ ಸಲ ಹೊಡೆದಾಗ ಮೂಲೆಯಿಂದ ಯಾರೋ ಇಡ್ಲಿ ಆರ್ಡರ್ ಮಾಡಿದರು. ಮೂರನೇ ದಿನ ಟೊಮೇಟೊ ಡೊಂಬಿವಲಿಗೆ ವಾಪಸ್ ಬಂತು. ಮನೆಯಲ್ಲೂ ಅದಕ್ಕೆ ಕೆಲಸ ಇರಲಿಲ್ಲ. ನಮ್ಮಲ್ಲಿ ಸಮಯ ಅಳೆಯೋದು ಕುಕ್ಕರಿನ ಕೂಗಿನಲ್ಲಿ.

ಅದು ಟೊಮೇಟೊ ತಪ್ಪಲ್ಲ. ಅದು ಕೂಗುತ್ತದೆ, ಕೂಗಿ ಅಲ್ಲೇ ಕೂತಿರುತ್ತದೆ. ಮತ್ತೆ ತಿರುಗಿಸಿದರೆ ಮತ್ತೆ 25 ನಿಮಿಷ ಕೊಡುತ್ತದೆ. ಅಷ್ಟು ಧಾರಾಳ ಇರುವವರ ಮಾತನ್ನು ಯಾರು ಕೇಳುತ್ತಾರೆ?

ನಾನು ಜೀವನದಲ್ಲಿ ತಪ್ಪದೆ ಪಾಲಿಸಿರುವ ಹೊತ್ತು ಒಂದೇ. 8:12. ಡೊಂಬಿವಲಿಯಿಂದಲೇ ಹೊರಡುವ ಫಾಸ್ಟ್ ಲೋಕಲ್ ರೈಲು, ಹಾಗಾಗಿ ಕೂರಲು ಜಾಗ ಸಿಗುವ ಆಸೆ. ಮುಂಬೈಯಲ್ಲಿ ಯಾರೂ ಎಂಟೂಕಾಲರ ಗಾಡಿ ಅನ್ನುವುದಿಲ್ಲ. 8:12, 8:19, 8:47. ಊರಿಂದ ಬಂದ ಹೊಸತರಲ್ಲಿ ಇದೇನು ಜಿಪುಣರ ಲೆಕ್ಕ ಅನ್ನಿಸಿತ್ತು. ನಮ್ಮ ಕುಂದಾಪುರದ ಕಡೆ ಬಸ್ಸು ‘ಒಂಬತ್ತರ ಹತ್ತಿರ’ ಬರುತ್ತಿತ್ತು, ನಾವೂ ಒಂಬತ್ತರ ಹತ್ತಿರ ಹೋಗಿ ನಿಲ್ಲುತ್ತಿದ್ದೆವು. ಇಲ್ಲಿ 8:11ಕ್ಕೆ ಸೇತುವೆಯ ಮೆಟ್ಟಿಲ ಮೇಲಿದ್ದವನಿಗೆ ಗಾಡಿ ಉಂಟು, 8:13ಕ್ಕೆ ಬಂದವನಿಗೆ ಅದರ ಬೆನ್ನು ಮಾತ್ರ. ಕೆಲವು ದಿನ ಗಾಡಿಯೇ ತಡ ಮಾಡುತ್ತದೆ ಅನ್ನಿ. ಆದರೆ ನಾವು ತಡ ಮಾಡಿದ ದಿನ ಅದು ತಡ ಮಾಡಿದ್ದು ನನಗೆ ನೆನಪಿಲ್ಲ.

ಈ ಊರಿಗೆ ಬಿಡಿ ನಿಮಿಷದ ಹುಚ್ಚು ಹಳೆಯದೇ. 1906ರಲ್ಲಿ ಇಡೀ ದೇಶಕ್ಕೆ ಒಂದೇ ಸಮಯ ಅಂತ ಮಾಡಿದಾಗ ಬೊಂಬಾಯಿ ಒಪ್ಪಲಿಲ್ಲ. ತನ್ನದೇ ‘ಬಾಂಬೆ ಟೈಮ್’ ಇಟ್ಟುಕೊಂಡಿತು, ದೇಶದ ಗಡಿಯಾರಕ್ಕಿಂತ 39 ನಿಮಿಷ ಹಿಂದೆ. ಅರ್ಧ ಗಂಟೆ ಅಲ್ಲ, ಮುಕ್ಕಾಲು ಗಂಟೆ ಅಲ್ಲ, 39! ಅದು ಪೂರ್ತಿ ಹೋಗಿದ್ದು 1955ರಲ್ಲಿ. ಇನ್ನೂ ಇದ್ದಿದ್ದರೆ ನಾನು ಹತ್ತೂ ಒಂಬತ್ತಕ್ಕೆ ಆಫೀಸು ಮುಟ್ಟಿದರೂ ಸರಿಯಾಗಿ ಒಂಬತ್ತೂವರೆಗೇ ಬಂದ ಹಾಗೆ.

ಅದೇ 1955ರಲ್ಲಿ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ ಎಂಬವರು ಲಂಡನ್ನಿನ ಪತ್ರಿಕೆಯೊಂದರಲ್ಲಿ ನನ್ನ ಬಗ್ಗೆ ಬರೆದರು. ಹೆಸರು ಹಾಕಿಲ್ಲ, ಅಷ್ಟೇ. ಕೆಲಸಕ್ಕೆ ಎಷ್ಟು ಸಮಯ ಕೊಡುತ್ತೀರೋ ಅಷ್ಟಕ್ಕೂ ಅದು ಹಿಗ್ಗುತ್ತದೆ ಅಂದರು. ಬೇರೆ ಕೆಲಸವಿಲ್ಲದ ಮುದುಕಿಯೊಬ್ಬಳು ತಂಗಿಯ ಮಗಳಿಗೆ ಒಂದು ಕಾರ್ಡು ಬರೆದು ಹಾಕಲು ಇಡೀ ದಿನ ತೆಗೆದುಕೊಳ್ಳುತ್ತಾಳೆ ಅಂತ ಉದಾಹರಣೆಯನ್ನೂ ಕೊಟ್ಟರು. ಪುಣೆ ಬ್ರಾಂಚಿಗೆ ನಾಲ್ಕು ಸಾಲಿನ ಮೇಲ್ ಬರೆಯಲು ನನಗೆ ಒಂದು ಮಧ್ಯಾಹ್ನ ಬೇಕಾಗುತ್ತದೆ. ಮುದುಕಿಯೇ ವಾಸಿ, ಅಲ್ವಾ? ಅವಳು ಅಂಚೆ ಡಬ್ಬಿವರೆಗೆ ನಡೆದಾದರೂ ಹೋಗಿದ್ದಳು.

ನನಗೆ ದಾರಿ ತೋರಿಸಿದ್ದು ನನ್ನ ಹೆಂಡತಿ, ಅದೂ ಗೋರಿಕಾಯಿಯಿಂದ. ಅವಳ ಆಫೀಸು ದಾದರಿನಲ್ಲಿ. ಸಂಜೆ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕ ದಿನ ತೊಡೆ ಮೇಲೆ ಪೇಪರ್ ಹಾಸಿ, ಚೀಲದಿಂದ ಕಾಲು ಕಿಲೋ ಗೋರಿಕಾಯಿ ತೆಗೆಯುತ್ತಾಳೆ. ತುದಿ ಮುರಿದು, ನಾರು ಎಳೆದು, ಬೆರಳಲ್ಲೇ ಚಟಚಟ ತುಂಡು ಮಾಡಿ ಡಬ್ಬಕ್ಕೆ ಹಾಕುತ್ತಾಳೆ. ಗಾಡಿ ಕುರ್ಲಾ ಮುಟ್ಟುವಾಗ ಅರ್ಧ, ಠಾಣೆ ಮುಟ್ಟುವಾಗ ಪೂರ್ತಿ. ಅಷ್ಟು ಸರಿಯಾಗಿ ಹೇಗೆ ಮುಗಿಯುತ್ತದೆ ಅಂತ ಕೇಳಿದೆ. “ಮುಗಿಯದೆ ಏನು ಮಾರಾಯ್ರೆ? ಠಾಣೆ ಆದ ಮೇಲೆ ಇಳಿಯುವವರೆಲ್ಲ ಎದ್ದು ಮೈಮೇಲೆ ಬರ್ತಾರೆ. ಆಮೇಲೆ ಗೋರಿಕಾಯಿ ಯಾರ ಸೆರಗಲ್ಲಿರುತ್ತೋ!” ಅಂದಳು.

ಅಪ್ಪಯ್ಯನದೂ ಇದೇ ಲೆಕ್ಕ ಇತ್ತು ಅಂತ ಆಗ ಹೊಳೆಯಿತು. ಅವರು ಹುಡುಗನಾಗಿ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಾ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಈ ಊರಿನ ಎಷ್ಟೋ ಹೋಟೆಲ್ ಹುಡುಗರು ಹಾಗೆ ಓದಿದ್ದಾರೆ. ಒಂದು ಚಹಾ ಕುದಿದು ಸೋಸುವಷ್ಟರಲ್ಲಿ ಒಂದು ಸೂತ್ರ ಬಾಯಿಪಾಠ ಆಗಬೇಕಿತ್ತಂತೆ. ಚಹಾ ಉಕ್ಕಿತೋ, ಸೂತ್ರವೂ ಹೋಯಿತು, ಬೈಗುಳವೂ ಬಂತು.

ಮರುದಿನ ಸಾಹೇಬರ ಪಟ್ಟಿ ಪಕ್ಕಕ್ಕಿಟ್ಟು ಒಂದು ಚೀಟಿಯಲ್ಲಿ ನನ್ನದೇ ಟೈಮ್‌ಟೇಬಲ್ ಬರೆದೆ. 9:43, ಬಿಲ್ಲುಗಳು, ಠಾಣೆವರೆಗೆ. ಠಾಣೆ ಅಂದರೆ ಇಪ್ಪತ್ತು ಬಿಲ್ಲು. 10:26, ಪುಣೆಯ ಮೇಲ್, ನಡುವೆ ಎಲ್ಲೂ ನಿಲ್ಲದ ಫಾಸ್ಟ್. ಫೋನು ಮಾಡಬೇಕಾದ ಸಣ್ಣಪುಟ್ಟದ್ದೆಲ್ಲ ಮಧ್ಯಾಹ್ನದ ಸ್ಲೋ ಗಾಡಿಗೆ, ಅದು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ. ಪಕ್ಕದವರು ಕುರ್ಚಿ ಎಳೆದುಕೊಂಡು ಕ್ರಿಕೆಟ್ ತೆಗೆದರೆ ಅದು ಮೆಗಾಬ್ಲಾಕ್, ಹಳಿ ರಿಪೇರಿಗೆ ಅಂತ ಗಾಡಿ ನಿಲ್ಲಿಸುತ್ತಾರಲ್ಲ, ಹಾಗೆ. ಏನೂ ಮಾಡೋಕೆ ಆಗುವುದಿಲ್ಲ, ಕೂತಿರಬೇಕು. ಹೊತ್ತು ಮೀರಿದ ಕೆಲಸವನ್ನು ಎಳೆಯುವಂತಿಲ್ಲ, ಮುಂದಿನ ಗಾಡಿಗೇ ಕಾಯಬೇಕು. ಈ ನಿಯಮ ಮೊದಲು ಕಷ್ಟ ಆಯಿತು. 9:43ರದು ಎರಡು ದಿನ ಬಿಟ್ಟೇ ಹೋಯಿತು. ಮೂರನೇ ದಿನ 9:42ಕ್ಕೆ ಚಹಾ ಅರ್ಧಕ್ಕೇ ಬಿಟ್ಟು ಕಂಪ್ಯೂಟರ್ ಕಡೆ ಧಾವಿಸಿದೆ. ಕುರ್ಚಿಯಲ್ಲಿ ಕೂತೇ ಓಡಬಹುದು ಅಂತ ಅವತ್ತು ಗೊತ್ತಾಯಿತು.

ಏಳೆಂಟು ತಿಂಗಳು ಚೆನ್ನಾಗಿ ನಡೆಯಿತು. ಮತ್ತೆ ಏಪ್ರಿಲ್ ಬಂತು, ಹಾಳೆ ಬಂತು. ಈ ಸಲ ಧೈರ್ಯವಾಗಿ ಮೊದಲನೇ ಗೆರೆಯಲ್ಲಿ ಬರೆದೆ: ‘ದಿನದ ಲೆಕ್ಕ ಪ್ರತಿ ಸಂಜೆ 4:53ಕ್ಕೆ ಪುಣೆಗೆ ಹೊರಡುವುದು.’

ಸಾಹೇಬರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಅವರು ಕಾರಿನಲ್ಲಿ ಬರುವವರು. “4:53 ಯಾಕೆ? ನೀಟಾಗಿ 5 ಅನ್ನಿ” ಅಂತ ತಾವೇ ಪೆನ್ನು ತೆಗೆದು ತಿದ್ದಿದರು.

ಅವತ್ತು ಐದಕ್ಕೆ ಚಹಾ ಬಂತು. ಪುಣೆಯ ಲೆಕ್ಕ ಮರುದಿನ ಹೋಯಿತು.