ಅದು ಆಜ್ಟೆಕರು ಕಟ್ಟಿದ ಊರಲ್ಲ ಮಾರಾಯ್ರೇ!

ನಿನ್ನೆ ಗೆಳೆಯರೊಬ್ಬರ ಮನೆಯಲ್ಲಿ 'ಟಿಯೋಟಿಹುವಾಕಾನ್' ಬೋರ್ಡ್ ಗೇಮ್ ಹರಡಿಕೊಂಡು ಕೂತಿದ್ದೆವು. ಹೊಸಬರಿಗೆ ಆಟ ಹೇಳಿಕೊಡುತ್ತಿದ್ದ ಮಹಾನುಭಾವರು ಶುರು ಮಾಡಿದ್ದೇ "ಈಗ ನಾವೆಲ್ಲ ಆಜ್ಟೆಕರ ಊರು ಕಟ್ತೀವಿ" ಅಂತ. ನನ್ನ ಬಿ.ಪಿ. ನಿಮಗೆ ಗೊತ್ತೇ ಇದೆ.

ಟಿಯೋಟಿಹುವಾಕಾನ್ ಅಂದ್ರೆ ಮೆಕ್ಸಿಕೋದ ಒಂದು ಪುರಾತನ ಊರು; ಆಜ್ಟೆಕರು ಆ ಸೀಮೆಯನ್ನು ಬಹಳ ಆಮೇಲೆ ಆಳಿದವರು. ಅದು ಆಜ್ಟೆಕರ ಊರಲ್ಲ. ಅಲ್ಲಿನ ಸೂರ್ಯ ಪಿರಮಿಡ್, ಸುಮಾರು 65 ಮೀಟರ್ ಎತ್ತರದ್ದು, ಎದ್ದು ನಿಂತಿದ್ದು ಕ್ರಿ.ಶ. 200ರ ಆಸುಪಾಸಿನಲ್ಲಿ. 6ನೇ ಶತಮಾನದ ಹೊತ್ತಿಗೆ ಊರಿನ ನಡುಭಾಗಕ್ಕೆ ಬೆಂಕಿ ಬಿದ್ದಿತ್ತು. ಆಜ್ಟೆಕರು ತಮ್ಮ ರಾಜಧಾನಿ ಟೆನೊಚ್ಟಿಟ್ಲಾನ್ ಕಟ್ಟಲು ಕೈಹಾಕಿದ್ದು 1325ರಲ್ಲಿ! ಹಾಳೂರು ನೋಡಿ ಬೆರಗಾದರು, ಅದಕ್ಕೊಂದು ಹೆಸರಿಟ್ಟರು, ಕೈಮುಗಿದರು. ಅವರ ಪಾಲು ಅಷ್ಟೇ. ಬಾದಾಮಿಯ ಗುಹೆಗಳನ್ನು ವಿಜಯನಗರದವರ ಖಾತೆಗೆ ಬರೆದರೆ ನೀವು ಸುಮ್ನಿರ್ತೀರಾ? ಬೆಂಕಿ ಬಿದ್ದಾಗಿನಿಂದ ಎಣಿಸಿದರೂ ಕಾಲದ ಅಂತರ ಹೆಚ್ಚುಕಡಿಮೆ ಅಷ್ಟೇ ಇದೆ.

"ಆಟ ತಾನೇ, ಇತಿಹಾಸ ಯಾಕೆ?" ಅಂದರು. ಸರಿ, ಹಾಗಾದ್ರೆ ಹೆಸರು ಅಳಿಸಿಬಿಡಿ. ಬರೀ ಮರ, ಕಲ್ಲು, ಚಿನ್ನ ಎಣಿಸಿಕೊಂಡು ಕೂರೋಣ. ಹೆಸರಿನ ಗತ್ತು ಬೇಕು, ಕಟ್ಟಿದವರು ಯಾರಾದರೇನಂತೆ!

ಆಟದ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಡಾನಿಯೇಲೆ ತಾಶೀನಿ ಮಾಡಿದ್ದು, 2018ರದ್ದು. ದಾಳಗಳೇ ಕೆಲಸಗಾರರು. ದುಡಿದ ಹಾಗೆ ಅಂಕಿ ಏರುತ್ತದೆ. ಆರು ಮುಟ್ಟಿದರೆ ಮೇಲಕ್ಕೆ ಹೋದಂತೆ. ಮತ್ತೆ ಒಂದರಿಂದ ಹುಟ್ಟಿ ಬರಬೇಕು. ಆಟದಲ್ಲಿ ಗ್ರಹಣ ಬಂದಾಗ ಈ ಕೆಲಸಗಾರರಿಗೆಲ್ಲ ಕೊಕೊದಲ್ಲಿ ಕೂಲಿ ಕೊಡಬೇಕು. ಸೋತರೆ ಮುಖ ಊದಿಸಿಕೊಳ್ಳುವ ಜಾತಿ ನಾನು. ಈ ಆಟದಲ್ಲಿ ಮಾತ್ರ ಸೋತರೂ ಮತ್ತೆ ಕೂರುತ್ತೇನೆ.

ಆಜ್ಟೆಕರ ಊರೇ ಬೇಕು ಅಂದ್ರೆ ಸಾಮಾನು ಕಡಿಮೆಯಾ? ಟೆನೊಚ್ಟಿಟ್ಲಾನೇ ಇದೆಯಲ್ಲ, ಟೆಕ್ಸ್‌ಕೋಕೊ ಸರೋವರದ ನಡುವಿನ ದ್ವೀಪ. ನೀರಲ್ಲೇ ಕೆಸರು ಪೇರಿಸಿ ಮಾಡಿದ ಚಿನಾಂಪಾ ತೋಟಗಳು. ದಡಕ್ಕೆ ಹೋಗುವ ಏರಿದಾರಿಗಳು. ಚಪುಲ್ಟೆಪೆಕ್‌ನ ಬುಗ್ಗೆಯಿಂದ ಸಿಹಿನೀರು ತರುವ ಕಾಲುವೆ. ಉಪ್ಪುನೀರು ನುಗ್ಗದಂತೆ ಪಕ್ಕದ ರಾಜ ನೆಸಾವಲ್‌ಕೊಯೊಟ್ಲ್ ಹಾಕಿಸಿದ ಒಡ್ಡು. ಅಲ್ಲಿನ ಸಂತೆಯಲ್ಲಿ ಕೊಕೊ ಬೀಜವೇ ಚಿಲ್ಲರೆ ಕಾಸು. ಆ ನೀರು ಸಂಭಾಳಿಸೋದೇ ಒಂದು ಇಡೀ ಆಟ, ಅಲ್ವಾ? 1521ರ ಮುತ್ತಿಗೆಯಲ್ಲಿ ಸ್ಪೇನಿನ ದಂಡನಾಯಕ ಕೊರ್ಟೆಸ್‌ನ ಕಡೆಯವರು ಶುರುವಿನಲ್ಲೇ ಒಡೆದಿದ್ದು ಆ ಕಾಲುವೆಯನ್ನೇ. ಊರಿನ ಜೀವ ಎಲ್ಲಿದೆ ಅಂತ ಅವರಿಗಾದರೂ ಗೊತ್ತಿತ್ತು!

ನಮ್ಮವರಿಗೆ ಮಾತ್ರ ಮೆಕ್ಸಿಕೋದಲ್ಲಿ ಮೆಟ್ಟಿಲಿರೋ ಕಲ್ಲುಗುಡ್ಡೆ ಕಂಡರೆ ಸಾಕು, ಆಜ್ಟೆಕ್. ಅನ್ನಲೇಬೇಕು ಅಂತಿದ್ರೆ ದಯವಿಟ್ಟು ನಾನಿಲ್ಲದಾಗ ಅನ್ನಿ. ಇಲ್ಲಾಂದ್ರೆ ಆಟ ಶುರುವಾಗೋದು ಅರ್ಧ ಗಂಟೆ ತಡ.