ಸೀಟ್ ಸಿಕ್ಕಿದೆ, ಅದಕ್ಕೇ ಯೋಚನೆ

ಹೋದ ಭಾನುವಾರ ಗೆಳತಿಯೊಬ್ಬಳು ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಕೈಯಲ್ಲಿ ಮೈಸೂರು ಪಾಕಿನ ಡಬ್ಬ. ಶೂ ಬಿಚ್ಚುವ ಮೊದಲೇ, "ಅಕ್ಕಾ, ಇವಳಿಗೆ ಫಾರ್ಮಸಿ ಸೀಟ್ ಸಿಕ್ತು!" ಅಂದಳು. ಹುಡುಗಿ ಹಿಂದೆ ನಿಂತು ಫೋನ್ ನೋಡುತ್ತಿದ್ದಳು. ಸೀಟ್ ಸಿಕ್ಕವರ ಮುಖ ಅದಲ್ಲ.

ಹುಡುಗಿ ಇಲ್ಲೇ ಶಿಕಾಗೋ ಹತ್ತಿರ ಹುಟ್ಟಿ ಬೆಳೆದವಳು. ಬಯಾಲಜಿ ಡಿಗ್ರಿ ಮುಗಿಸಿದ್ದಾಳೆ. ಜಿಪಿಎ, ಅಂದರೆ ಎಲ್ಲ ಗ್ರೇಡುಗಳ ಸರಾಸರಿ, 4ಕ್ಕೆ 2.6. ಮೊದಲ ಎರಡು ವರ್ಷ ಬರೀ ಸಿ, ಆರ್ಗ್ಯಾನಿಕ್ ಕೆಮಿಸ್ಟ್ರಿ ಎರಡನೇ ಭಾಗದಲ್ಲಿ ಡಿ. ಕೊನೆಯ ವರ್ಷ ಸ್ವಲ್ಪ ಚೇತರಿಸಿಕೊಂಡಿದ್ದಾಳೆ. ಆರು ತಿಂಗಳ ಹಿಂದೆ ಇದೇ ಅಮ್ಮ ನನಗೆ ಫೋನ್ ಮಾಡಿ, "2.6 ಇಟ್ಕೊಂಡು ಹೋದ್ರೆ ಯಾರಕ್ಕಾ ಸೀಟ್ ಕೊಡ್ತಾರೆ" ಅಂತ ಅತ್ತಿದ್ದಳು. ಈಗ ನೋಡಿದರೆ ಒಂದು ಕಾಲೇಜಿನವರು ಜೂಮ್‌ನಲ್ಲಿ ಇಪ್ಪತ್ತು ನಿಮಿಷ ಮಾತಾಡಿಸಿ, ಒಂದೇ ವಾರಕ್ಕೆ ಪತ್ರ ಕಳಿಸಿದ್ದಾರೆ. ಆ ಡಿ ಬಗ್ಗೆ ಒಂದು ಮಾತೂ ಕೇಳಲಿಲ್ಲವಂತೆ. ಮುಂದಿನ ಮಂಗಳವಾರದೊಳಗೆ ಡೆಪಾಸಿಟ್ ಕಟ್ಟಬೇಕಂತೆ. ದಿನಾ ಫೋನ್ ಬೇರೆ.

ನನಗೆ ಮೈಸೂರು ಪಾಕು ಗಂಟಲಲ್ಲಿ ಇಳಿಯಲಿಲ್ಲ.

ಯಾಕೆ ಅಂತ ಹೇಳಬೇಕಾದರೆ ನನ್ನ ಕಥೆ ಸ್ವಲ್ಪ ಹೇಳಬೇಕು. ನಾನು ದಾವಣಗೆರೆ ಕಡೆ ಬಿ.ಫಾರ್ಮ್ ಮಾಡಿದವಳು. 2004ರಲ್ಲಿ ಮುಗಿಸಿದೆ. 58 ಪರ್ಸೆಂಟ್, ಅದರಲ್ಲೂ ಎರಡು ಸಬ್ಜೆಕ್ಟ್ ಹೋಗಿ ಸಪ್ಲಿಮೆಂಟರಿ ಕಟ್ಟಿದ್ದೆ. ಮದುವೆಯಾಗಿ ಇಲ್ಲಿಗೆ ಬಂದಾಗ, ವಿದೇಶದ ಪದವೀಧರರಿಗೆ ಅಂತ ಒಂದು ಪರೀಕ್ಷೆ ಇದೆ, ಅದು ಬರೆದು ಪಾಸಾದರೆ ಲೈಸೆನ್ಸ್ ದಾರಿ ಸಲೀಸು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು. 2003ರ ಜನವರಿ 1ರಿಂದ ಈಚೆಗೆ ಪಾಸಾದವರು ಐದು ವರ್ಷದ ಕೋರ್ಸ್ ಓದಿರಲೇಬೇಕು. ನಮ್ಮ ಬಿ.ಫಾರ್ಮ್ ನಾಲ್ಕೇ ವರ್ಷ. ನನಗಿಂತ ಎರಡು ವರ್ಷ ಮೊದಲು ಅದೇ ಬೆಂಚಲ್ಲಿ ಕೂತು ಪಾಸಾದ ಸೀನಿಯರ್‌ಗಳು ಪರೀಕ್ಷೆ ಬರೆಯಬಹುದು, ನಾನು ಬರೆಯುವಂತಿಲ್ಲ! (ಊರಲ್ಲಿ ಬಿ.ಫಾರ್ಮ್ ಓದುತ್ತಾ ಅಮೆರಿಕದ ಕನಸು ಕಾಣುತ್ತಿರುವವರು ಇದನ್ನು ಈಗಲೇ ತಿಳಿದುಕೊಂಡರೆ ಒಳ್ಳೆಯದು. 2008ರಿಂದ ನಮ್ಮಲ್ಲೂ ಶುರುವಾದ ಆರು ವರ್ಷದ ಫಾರ್ಮ್ ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ, ಮಾಡಿದವರಿಗೆ ಈ ತೊಡಕಿಲ್ಲ.)

ಹಾಗಾಗಿ ನಾನೂ ಇಲ್ಲಿನ ಹುಡುಗರ ಜೊತೆ ಸಾಲಲ್ಲಿ ನಿಲ್ಲಬೇಕಾಯಿತು. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ರಾತ್ರಿ ಕ್ಲಾಸು. ಹೊಸದಾಗಿ ಕಲಿತ ಡ್ರೈವಿಂಗು, ಹೊರಗೆ ಹಿಮ. ಮೊದಲ ಸಲ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಬಂತು. ಬಿ.ಫಾರ್ಮ್ ಮಾಡಿದವಳಿಗೆ ಸಿ! ಮನೆಯವರಿಗೆ ಎರಡು ದಿನ ಹೇಳಲೇ ಇಲ್ಲ. ಮತ್ತೆ ದುಡ್ಡು ಕಟ್ಟಿ ಅದೇ ಕ್ಲಾಸಿಗೆ ಕೂತು ಎ ತೆಗೆದೆ. ಹಳೆಯದು ಅಳಿಸಿಹೋಗುತ್ತೆ ಅಂದುಕೊಂಡಿದ್ದೆ. ಇಲ್ಲಿ ಫಾರ್ಮಸಿ ಅರ್ಜಿಗಳು ಹೆಚ್ಚುಕಮ್ಮಿ ಎಲ್ಲ ಫಾರ್ಮ್‌ಕ್ಯಾಸ್ ಅನ್ನುವ ಒಂದೇ ಕಿಟಕಿಯಿಂದ ಹೋಗುತ್ತವೆ. ನಿಮ್ಮ ಕಾಲೇಜು ಹಳೇ ಗ್ರೇಡನ್ನು ಮಾಫಿ ಮಾಡಿದ್ದರೂ ಫಾರ್ಮ್‌ಕ್ಯಾಸ್ ಮಾಡುವುದಿಲ್ಲ. ಎಷ್ಟು ಸಲ ಓದಿದ್ದೀರೋ ಅಷ್ಟೂ ಗ್ರೇಡು ಲೆಕ್ಕಕ್ಕೆ. ಊರಲ್ಲಿ ಸಪ್ಲಿಮೆಂಟರಿ ಬರೆದು ಪಾಸಾದರೆ ಪಾಸೇ, ಯಾರು ತಿರುಗಿ ನೋಡ್ತಾರೆ. ಇಲ್ಲಿ ಬಿದ್ದಿದ್ದೂ ಎದ್ದಿದ್ದೂ ಪಕ್ಕಪಕ್ಕದಲ್ಲಿ ಕೂತಿರುತ್ತವೆ.

ಮೊದಲ ವರ್ಷ ನಾಲ್ಕು ಕಾಲೇಜಿಗೆ ಹಾಕಿದೆ, ನಾಲ್ಕೂ ಕಡೆ ಇಲ್ಲ. ಎರಡನೇ ವರ್ಷ ಒಂದು ಕಡೆ ಇಂಟರ್‌ವ್ಯೂ. ಎದುರು ಕೂತಿದ್ದ ಪ್ರೊಫೆಸರಮ್ಮ ಆ ಸಿ ಮೇಲೆ ಪೆನ್ನಿಟ್ಟರು. ನಾನು ಹೊಸ ದೇಶ, ಚಳಿ, ಭಾಷೆ ಅಂತೆಲ್ಲ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಅದನ್ನು ಕೇಳಲೇ ಇಲ್ಲ. ಎರಡನೇ ಸಲ ಓದುವಾಗ ಏನು ಬದಲಾಯಿಸಿದೆ ಅಂತ ಕೇಳಿದರು. ಉರು ಹೊಡೆಯೋದು ಬಿಟ್ಟೆ ಅಂದೆ. ಜಾಹೀರಾತಿನ ಹಾಳೆಗಳ ಹಿಂದೆ ಪ್ರತಿಯೊಂದು ರಿಯಾಕ್ಷನ್ನಿನ ಬಾಣಗಳನ್ನು ಕೈಯಾರೆ ಬರೆದೆ, ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಹೇಳಲು ಬರುವ ತನಕ ಮುಂದಿನ ಪುಟ ತಿರುಗಿಸಲಿಲ್ಲ ಅಂದೆ. ವೇಟಿಂಗ್ ಲಿಸ್ಟ್‌ಗೆ ಹಾಕಿದರು. ಜುಲೈನಲ್ಲಿ ಫೋನ್ ಬಂತು. ನಾನು ಆಗ ದೋಸೆ ಹುಯ್ಯುತ್ತಿದ್ದೆ, ಆ ದೋಸೆ ಸೀದು ಕರಕಲಾಯಿತು.

ಆ ಕಾಲ ಬೇರೆ. 2000ದ ಸುಮಾರಿಗೆ ಈ ದೇಶದಲ್ಲಿ ಫಾರ್ಮಸಿ ಕಾಲೇಜುಗಳು 80ರಷ್ಟು ಇದ್ದವು. ಫಾರ್ಮಸಿಸ್ಟ್‌ಗಳಿಗೆ ಬರ. ಕೆಲಸಕ್ಕೆ ಸೇರಿದರೆ ಸಾಕು, ಬೋನಸ್ ಕೊಡುತ್ತಿದ್ದರು. ಅದನ್ನು ನೋಡಿ ಕಂಡಕಂಡಲ್ಲಿ ಕಾಲೇಜು ತೆರೆದರು. ಈಗ 140 ದಾಟಿದೆ. ನಮ್ಮ ಕಡೆ ಎಂಜಿನಿಯರಿಂಗ್ ಕಾಲೇಜುಗಳ ಕಥೆ ನೆನಪಿದೆಯಲ್ವಾ, ಅದೇ. ಆಮೇಲೆ ಅರ್ಜಿ ಹಾಕುವವರು ಕಡಿಮೆಯಾಗುತ್ತಾ ಬಂದರು. ಔಷಧಿ ಅಂಗಡಿಗಳು ಮುಚ್ಚತೊಡಗಿದವು. ರೈಟ್ ಏಡ್ ಅಂಥ ದೊಡ್ಡ ಸರಪಳಿಯೇ 2025ರಲ್ಲಿ ಪೂರ್ತಿ ಬಾಗಿಲು ಹಾಕಿತು. ನಾನು ನಿದ್ದೆಗೆಟ್ಟು ಬರೆದ ಪಿಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ 2024ರ ಜನವರಿಯಲ್ಲಿ ಕೊನೆಯ ಸಲ ನಡೆದು ನಿಂತೇಹೋಯಿತು.

ಅಂದರೆ ಈಗ ಸೀಟು ಖಾಲಿ. 2.6 ಇದ್ದರೂ ಕರೆದು ಕೊಡುವವರಿದ್ದಾರೆ. ನಾವು ಸಿಇಟಿ ಕಾಲದವರು. ಸೀಟ್ ಅಂದರೆ ಗೆದ್ದ ಹಾಗೆ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ತಕರಾರು ಇರೋದು ಅಲ್ಲೇ. ಕಮ್ಮಿ ಮಾರ್ಕ್ಸಿನ ಮಕ್ಕಳನ್ನು ಸೇರಿಸಿಕೊಳ್ಳಬಾರದು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ನಾನೇ ಅಂಥವಳು. ಆದರೆ ಆ ಡಿ ಯಾಕೆ ಬಂತು ಅಂತ ಕೇಳದೆ ಸೇರಿಸಿಕೊಳ್ಳುವವರು, ಮುಂದೆ ಆ ಹುಡುಗಿ ಒದ್ದಾಡುವಾಗಲೂ ಕೇಳುವುದಿಲ್ಲ.

ಇಲ್ಲಿ ಡಿಗ್ರಿ ಆದಮೇಲೆ ಮಾಡುವ ಫಾರ್ಮ್ ಡಿ ನಾಲ್ಕು ವರ್ಷ. ಖಾಸಗಿ ಕಾಲೇಜಾದರೆ ಫೀಸೇ ವರ್ಷಕ್ಕೆ 40 ಸಾವಿರ ಡಾಲರ್ ದಾಟುವುದು ಮಾಮೂಲು. ಎಲ್ಲ ಮುಗಿದ ಮೇಲೆ ನ್ಯಾಪ್ಲೆಕ್ಸ್ ಅನ್ನುವ ಲೈಸೆನ್ಸ್ ಪರೀಕ್ಷೆ. 2014-15ರಲ್ಲಿ ಮೊದಲ ಸಲಕ್ಕೇ ನೂರಕ್ಕೆ 90ಕ್ಕಿಂತ ಜಾಸ್ತಿ ಜನ ಪಾಸಾಗುತ್ತಿದ್ದರು. ಈಗ 80ರ ಆಸುಪಾಸಿಗೆ ಬಂದಿದೆ. ಅದು ಸರಾಸರಿ. ಕೆಲವು ಕಾಲೇಜುಗಳದ್ದು ಅದಕ್ಕಿಂತ ಎಷ್ಟೋ ಕೆಳಗೆ. ಲೈಸೆನ್ಸ್ ಸಿಕ್ಕರೆ ಸಂಬಳ ಚೆನ್ನಾಗಿದೆ, ವರ್ಷಕ್ಕೆ 1 ಲಕ್ಷ 30 ಸಾವಿರ ಡಾಲರ್ ಮೇಲೆಯೇ. ಸಿಗದಿದ್ದರೆ ಸಾಲ ಮಾತ್ರ ಇರುತ್ತೆ.

ಇದನ್ನೆಲ್ಲ ಹುಡುಕಲು ಪತ್ತೇದಾರರೇನೂ ಬೇಕಿಲ್ಲ. ಪ್ರತಿ ಕಾಲೇಜಿನ ನ್ಯಾಪ್ಲೆಕ್ಸ್ ಫಲಿತಾಂಶ ವರ್ಷ ವರ್ಷ ಹೊರಗೆ ಬರುತ್ತದೆ. ಸೇರಿದವರಲ್ಲಿ ಎಷ್ಟು ಜನ ಸರಿಯಾದ ಸಮಯಕ್ಕೆ ಮುಗಿಸಿದರು ಅನ್ನುವುದನ್ನೂ ಕಾಲೇಜು ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತೆ, ಅಷ್ಟೇ. ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಹುಡುಗಿಯೇ ಹುಡುಕಿದಳು. ಐದೇ ನಿಮಿಷ. ಸಂಖ್ಯೆ ನೋಡಿ ಅವಳು ಏನೂ ಹೇಳಲಿಲ್ಲ, ಲ್ಯಾಪ್‌ಟಾಪನ್ನು ಅಮ್ಮನ ಕಡೆ ತಿರುಗಿಸಿದಳು.

"ಹಾಗಾದ್ರೆ 3.0 ಮಾಡ್ಕೊಂಡು ಆಮೇಲೆ ಹಾಕ್ಲಾ ಆಂಟಿ?"

ಲೆಕ್ಕ ಹಾಕಿದೆವು. ಅವಳ ಕೈಯಲ್ಲಿ ಈಗಾಗಲೇ 120 ಕ್ರೆಡಿಟ್ ಇವೆ. ಸರಾಸರಿ 3.0 ಆಗಬೇಕಾದರೆ ಇನ್ನೂ 48 ಕ್ರೆಡಿಟ್ ಓದಬೇಕು, ಅಷ್ಟರಲ್ಲೂ ಎ ಬರಬೇಕು. ಒಂದೂವರೆ ವರ್ಷ! ಆ ಹಟ ಬೇಡ ಅಂದೆ. ಸಾಗರಕ್ಕೆ ಚೊಂಬಿನಲ್ಲಿ ನೀರು ಹೊತ್ತ ಹಾಗೆ. ಸರಾಸರಿ ಮೇಲೇಳದಿದ್ದರೂ ಪರವಾಗಿಲ್ಲ, ಡಿ ಬಂದ ಆರ್ಗ್ಯಾನಿಕ್ಕನ್ನೇ ಮತ್ತೆ ಓದು, ಜೊತೆಗೆ ಬಯೋಕೆಮಿಸ್ಟ್ರಿ ಒಂದು. ಎರಡರಲ್ಲೂ ಒಳ್ಳೆ ಗ್ರೇಡ್ ಬಂದರೆ, ಅರ್ಜಿ ಸರಿಯಾಗಿ ಓದಿ ನೋಡುವ ಕಾಲೇಜಿನವರಿಗೆ ಅಷ್ಟೇ ಸಾಕು. ಬರದಿದ್ದರೆ ಅದೂ ಒಂದು ಉತ್ತರವೇ. ಸಾಲ ಮಾಡುವ ಮೊದಲೇ ಸಿಕ್ಕ ಉತ್ತರ.

ಅವಳ ಅರ್ಜಿಯ ಪ್ರಬಂಧ ಓದಿದೆ. ಅಜ್ಜಿಗೆ ಸಕ್ಕರೆ ಕಾಯಿಲೆ, ಅಜ್ಜಿಯ ಮಾತ್ರೆ ಡಬ್ಬಿ ನೋಡಿ ನನಗೆ ಫಾರ್ಮಸಿ ಆಸೆ ಹುಟ್ಟಿತು ಅಂತ ಬರೆದಿದ್ದಳು. ಅಯ್ಯೋ, ನಮ್ಮ ಮಕ್ಕಳ ಪ್ರಬಂಧಗಳಲ್ಲಿ ಅಜ್ಜಿಯಂದಿರು ಪಟ್ಟ ಕಷ್ಟ ಅಷ್ಟಿಷ್ಟಲ್ಲ. ಈ ಹುಡುಗಿ ಎರಡು ವರ್ಷದಿಂದ ಶನಿವಾರ ಭಾನುವಾರ ಔಷಧಿ ಅಂಗಡಿಯಲ್ಲಿ ಟೆಕ್ನಿಷಿಯನ್ ಕೆಲಸ ಮಾಡುತ್ತಿದ್ದಾಳೆ. ಅದು ಪ್ರಬಂಧದಲ್ಲಿ ಒಂದೇ ಸಾಲು!

ಅಲ್ಲಿ ಏನು ಮಾಡ್ತೀಯ ಅಂದೆ. "ಏನಿಲ್ಲ ಆಂಟಿ, ಸುಮ್ನೆ ಎಣಿಸೋದು" ಅಂದಳು. ತಟ್ಟೆಗೆ ಒಂದು ಹಿಡಿ ಕಡ್ಲೆಬೀಜ ಸುರಿದು, ಒಂದು ಬೆಣ್ಣೆ ಚಾಕು ಕೊಟ್ಟು, ತೊಂಬತ್ತು ಎಣಿಸು ಅಂದೆ. ಐದೈದನ್ನು ಚಾಕುವಿನ ಬೆನ್ನಿಂದ ಪಕ್ಕಕ್ಕೆ ಸರಿಸುತ್ತಾ ಹೋದಳು. ಒಂದೂ ಉರುಳಲಿಲ್ಲ. ಒಡೆದ ಬೇಳೆಗಳನ್ನು ತಾನಾಗಿಯೇ ಬೇರೆ ಇಟ್ಟಳು. ಎಣಿಸುತ್ತಲೇ ಒಂದು ಸಂಗತಿ ಹೇಳಿದಳು. ಒಬ್ಬರು ವಯಸ್ಸಾದವರು ಲೋಸಾರ್ಟನ್ ತೆಗೆದುಕೊಳ್ಳಲು ಬಂದಿದ್ದರಂತೆ. ದುಡ್ಡು ಕೊಡಲು ಚೀಲ ತೆರೆದಾಗ ಬೇರೆ ಅಂಗಡಿಯ ಬಾಟಲಿ ಕಂಡಿತಂತೆ, ಅದರ ಮೇಲೆ ಕೋಜಾರ್ ಅಂತ ಇತ್ತಂತೆ. ಎರಡೂ ಒಂದೇ ಬಿಪಿ ಮಾತ್ರೆ, ಹೆಸರು ಮಾತ್ರ ಬೇರೆ. ಅಜ್ಜ ಎರಡನ್ನೂ ನುಂಗುತ್ತಿದ್ದರು. ತಲೆ ಸುತ್ತುತ್ತೆ ಅಂತ ಅವರೇ ಹೇಳುತ್ತಿದ್ದರಂತೆ. ಇವಳು ಓಡಿಹೋಗಿ ಫಾರ್ಮಸಿಸ್ಟ್‌ನ ಕರೆದಳು.

"ಇದನ್ನ ಯಾಕೆ ಬರೀಲಿಲ್ಲ?"

"ಇದೇನ್ ದೊಡ್ಡದು ಆಂಟಿ, ಕಣ್ಣಿಗೆ ಬಿತ್ತು, ಹೇಳ್ದೆ."

ಗೆಳತಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು. ಕಾಫಿ ಅರ್ಧಕ್ಕೇ ಬಿಟ್ಟಳು. "ಸಿಕ್ಕಿದ್ದನ್ನ ಬಿಟ್ಟು ಮುಂದಿನ ವರ್ಷ ಸಿಗದೇ ಹೋದ್ರೆ ಏನಕ್ಕಾ ಮಾಡೋದು? ಕನ್ನಡ ಕೂಟದಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ." ಅವಳ ಭಯ ಸುಳ್ಳಲ್ಲ. ಮುಂದಿನ ವರ್ಷ ಸಿಕ್ಕೇ ಸಿಗುತ್ತೆ ಅಂತ ನಾನು ಬರೆದುಕೊಡಲಾರೆ. ಡೆಪಾಸಿಟ್ ಕಟ್ಟೋದು ಬಿಡೋದು ನಿಮ್ಮಿಷ್ಟ ಅಂತ ಮಾತ್ರ ಹೇಳಿ ಬಾಗಿಲ ತನಕ ಹೋಗಿ ಬಂದೆ.

ನಿನ್ನೆ ರಾತ್ರಿ ಹುಡುಗಿಯ ಮೆಸೇಜ್ ಬಂತು. "ಆಂಟಿ, ಮಂಗಳವಾರ ಆಯ್ತು, ಕಟ್ಲಿಲ್ಲ. ಅಮ್ಮ ಮಾತಾಡ್ತಿಲ್ಲ. ನಿಮ್ಮ ಆ ಬಾಣದ ಹಾಳೆಗಳು ಇನ್ನೂ ಇದ್ಯಾ?"

ಇವೆ. ಗ್ಯಾರೇಜಿನಲ್ಲಿ, ಕ್ರಿಸ್‌ಮಸ್ ದೀಪದ ಡಬ್ಬದ ಕೆಳಗೆ.