ಪಕ್ಕದವರ ಕೈ ನೋಡಿ ಎತ್ತಿದ ಕೈ

ನಿನ್ನೆ ಸಂಜೆಯಿಂದ ಮನಸ್ಸಿಗೆ ಸಮಾಧಾನ ಇಲ್ಲ. ಬರೆದೇ ಬಿಡುತ್ತೇನೆ.

ಸಕಲೇಶಪುರ ಕಡೆ ನಮ್ಮೂರಲ್ಲಿ ಆನೆ ವಿಚಾರಕ್ಕೆ ಸಭೆ ಇತ್ತು. ಕಾಫಿ ಕುಯ್ಲು ಶುರುವಾಗಿದೆ, ತೋಟಕ್ಕೆ ಆನೆ ಬರುವುದೂ ಜಾಸ್ತಿಯಾಗಿದೆ. "ಇಲ್ಲಿರುವ ಆನೆಗಳನ್ನೆಲ್ಲ ಹಿಡಿದು ಸಾಗಿಸಿ ಅಂತ ಅರ್ಜಿ ಕೊಡೋಣ. ಒಪ್ಪಿಗೆ ಇರೋರು ಕೈ ಎತ್ತಿ" ಎಂದರು ಹಿರಿಯರೊಬ್ಬರು. ಹೆಚ್ಚುಕಮ್ಮಿ ಎಲ್ಲರೂ ಎತ್ತಿದರು. ನಾನೂ ಎತ್ತಿದೆ.

ಸಭೆಗೆ ಬರುವಾಗ ಜೀಪಿನಲ್ಲಿ ನಾವು ನಾಲ್ಕು ಜನ ಇದನ್ನೇ ಮಾತಾಡಿದ್ದೆವು. "2014ರಲ್ಲಿ ಆಲೂರು, ಸಕಲೇಶಪುರ ಕಡೆ 20ಕ್ಕೂ ಹೆಚ್ಚು ಆನೆ ಹಿಡಿದ್ರು. ಆಮೇಲೆ ಬೇರೆ ಆನೆ ಬಂದವು. ಮತ್ತೆ ಅದನ್ನೇ ಕೇಳಿದರೆ ಏನು ಬಂತು?" ಎಂದರು ಒಬ್ಬರು. ಮೂವರೂ ಹೌದು ಎಂದಿದ್ದೆವು. ಅರ್ಧ ಗಂಟೆ ಕಳೆದಿರಲಿಲ್ಲ, ಅದೇ ನಾಲ್ಕು ಜನರ ಕೈ ಮೇಲಿತ್ತು! ನಾನು ಮುಂದೆ ಕೂತವರ ಕೈ ನೋಡಿ ಎತ್ತಿದೆ. ಹಿಂದಿದ್ದವರು ನನ್ನ ಕೈ ನೋಡಿ ಎತ್ತಿರಬೇಕು. ಯಾರ ಮನಸ್ಸಿನಲ್ಲಿ ಏನಿತ್ತೋ ಯಾರಿಗೂ ಗೊತ್ತಾಗಲಿಲ್ಲ.

ಅಮೆರಿಕದಲ್ಲಿ ಸಾಲೊಮನ್ ಆ್ಯಶ್ ಎಂಬ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಒಂದು ಗೆರೆ ತೋರಿಸಿ, ಈ ಮೂರರಲ್ಲಿ ಅಷ್ಟೇ ಉದ್ದದ್ದು ಯಾವುದು ಅಂತ ಕೇಳುವುದು. ಮಕ್ಕಳೂ ಹೇಳಬಹುದು. ಆದರೆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ತಪ್ಪು ಉತ್ತರ ಹೇಳುತ್ತಿದ್ದರು. ಹೀಗೆ ಸಿಕ್ಕಿಬಿದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಗುಂಪಿನ ತಪ್ಪನ್ನೇ ಹೇಳಿದರು. ಕಣ್ಣೆದುರಿನ ಗೆರೆಗೇ ಹೀಗಾದರೆ ಆನೆಯಂಥ ವಿಚಾರಕ್ಕೆ ಹೇಗಾಗಬೇಡ?

ನನ್ನದೇ ಹೇಳುತ್ತೇನೆ. ಬೆಂಗಳೂರಲ್ಲಿ ಹಾಸ್ಟೆಲಿನಲ್ಲಿದ್ದಾಗ ಗೆಳೆಯರ ಜೊತೆ "ಕಾಡು ಆನೆಯದು, ನುಗ್ಗಿದ್ದು ನಾವು" ಅಂತ ಜೋರಾಗಿ ವಾದ ಮಾಡುತ್ತಿದ್ದೆ. ಊರಿಗೆ ಬಂದು ತೋಟ ನೋಡಿಕೊಳ್ಳತೊಡಗಿ ಒಂದೇ ವರ್ಷಕ್ಕೆ "ಎಲ್ಲ ಹಿಡಿಸಿ" ಎನ್ನತೊಡಗಿದೆ. ನಡುವೆ ನಾನು ಕೂತು ಯೋಚನೆ ಮಾಡಿದ ದಿನ ಒಂದೂ ನೆನಪಿಗೆ ಬರುತ್ತಿಲ್ಲ. ಇದನ್ನು ಒಪ್ಪಿಕೊಳ್ಳೋಕೆ ಕಷ್ಟ ಆಗುತ್ತದೆ.

ಊರೆಂದ ಮೇಲೆ ಒಗ್ಗಟ್ಟು ಬೇಡವಾ ಅಂತ ಕೇಳುತ್ತೀರಿ. ಬೇಕು. ಬೆಳೆ ಪರಿಹಾರ ಕೇಳೋಕೆ ನಾಳೆ ಕಚೇರಿ ಮುಂದೆ ಕೂರಬೇಕು ಅಂದರೆ ನಾನೇ ಮೊದಲು ಬರುತ್ತೇನೆ. ಆದರೆ ಒಳಗೆ ಬೇಡ ಎನ್ನುವ ನಾಲ್ಕು ಜನ ಹೊರಗೆ ಕೈ ಎತ್ತುವುದು ಒಗ್ಗಟ್ಟಲ್ಲ. ಅದು ಹೆದರಿಕೆ. ನಾಳೆ ಮದುವೆ ಮನೆಯಲ್ಲಿ ಮಾತಾಡಿಸದೆ ಹೋಗುತ್ತಾರೆ ಎನ್ನುವ ಹೆದರಿಕೆ.

ಕೈ ಎತ್ತದೆ ಕೂತಿದ್ದವರು ಒಬ್ಬರೇ. ಲೈನಿನಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿರುವ, ಕೆಲಸಕ್ಕೆ ಬರುವ ಹೆಂಗಸು. ಎದ್ದು ನಿಂತರು. "ಗೌಡ್ರೇ, ಅರ್ಜಿ ಯಾವತ್ತಿಗೆ ಆಗುತ್ತೋ. ಬೆಳಿಗ್ಗೆ ಮಂಜಲ್ಲಿ ನಡ್ಕೊಂಡು ತೋಟಕ್ಕೆ ಬರೋರು ನಾವು. ಆನೆ ಎದುರಿಗೆ ಸಿಗೋದು ನಮಗೆ. ಮೊದಲು ಒಂದು ಜೀಪು ಕಳಿಸಿ" ಎಂದರು. ಸಭೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಹಿಂದಿನಿಂದ ಇನ್ನೊಬ್ಬರು ಹೌದು ಎಂದರು. ಮತ್ತೊಬ್ಬರು, ಆನೆ ಇರುವ ಜಾಗ ತಿಳಿಸುವ ಮೆಸೇಜು ಎಲ್ಲ ಕೂಲಿಯವರ ಫೋನಿಗೂ ಬರಬೇಕು ಎಂದರು. ಆ್ಯಶ್ ಅವರ ಕೋಣೆಯಲ್ಲೂ ಹೀಗೇ ಆಗಿತ್ತು. ಜೊತೆಗೆ ನಿಜ ಹೇಳುವವರು ಒಬ್ಬರಿದ್ದರೆ ಸಾಕು, ಗುಂಪಿನ ತಪ್ಪಿಗೆ ತಲೆಯಾಡಿಸುವುದು ತುಂಬಾ ಕಮ್ಮಿಯಾಗುತ್ತಿತ್ತು.

ಆಗಲೂ ನಾನು ಬಾಯಿ ಬಿಡಲಿಲ್ಲ. ಜೀಪಿನಲ್ಲಿ ಅಷ್ಟು ಮಾತಾಡಿದವನು.

ಮುಂದಿನ ಭಾನುವಾರ ಮತ್ತೆ ಸಭೆ ಇದೆ. ಈ ಸಲ ಕೈ ಎತ್ತಿಸಬೇಡಿ, ಹೆಸರಿಲ್ಲದ ಚೀಟಿಯಲ್ಲಿ ಬರೆಸಿ ಅಂತ ರಾತ್ರಿಯೇ ಹಿರಿಯರಿಗೆ ಫೋನ್ ಮಾಡಿ ಕೇಳಿದೆ. ನೋಡೋಣ ಎಂದಿದ್ದಾರೆ. ನಮ್ಮ ತೋಟದ ಜೀಪು ಮಾತ್ರ ಇವತ್ತು ಬೆಳಿಗ್ಗೆ ಆರೂವರೆಗೇ ಲೈನಿಗೆ ಹೋಗಿತ್ತು.